ಜೀಪಿಗೆ ಗಂಜಿ ಉಣಿಸಿದವರು

ದಾಂಡೇಲಿಯ ಹೊಳೆ ದಂಡೆಯ ರೆಸಾರ್ಟೊಂದರ ಮಾಲೀಕನು ಸೆಲಿನ್ ಸಿದ್ದಿಗೆ ಎರಡು ತಿಂಗಳ ಡ್ರೈವರ್ ಸಂಬಳ ಕೊಡಬೇಕು. ಇನ್ನೂ ಕೊಟ್ಟಿಲ್ಲ. ಅಡುಗೆಮನೆಗೆಂದು ಸೇರಿಸಿಕೊಂಡ, ತರಕಾರಿ ತರಲಿ ಎಂದು ಗಾಡಿ ಓಡಿಸುವುದನ್ನು ಕಲಿಸಿದ, ಆಮೇಲೆ ಗಾಡಿ ಓಡಿಸಿದ್ದಕ್ಕೂ ಪಾತ್ರೆ ತೊಳೆದ ಕೂಲಿಯನ್ನೇ ಲೆಕ್ಕ ಹಿಡಿದ. "ಡ್ರೈವರ್ ಪಗಾರ ಕೊಡ್ರಿ" ಎಂದದ್ದಕ್ಕೆ, "ಸಂಜೀಕ ಗೆಸ್ಟ್ ಮುಂದ ನಿಮ್ಮ ಕುಣಿತಾ ಮಾಡು, ಎಲ್ಲಾ ಸೇರ್ಸಿ ಕೊಡ್ತೇನಿ" ಎಂದ. ಸೆಲಿನ್ ಗಾಡಿಯ ಚಾವಿಯನ್ನು ಅವನ ಚಹಾದ ಕಪ್ಪಿನೊಳಗೆ ಹಾಕಿ ಹೊರಗೆ ಬಂದಳು. ಆ ಬಾಕಿ ಬಾಕಿಯಾಗಿಯೇ ಇದೆ, ಇಂಥವರ ಅರ್ಜಿ ಹಿಡಿದು ಕಚೇರಿ ಸುತ್ತುವ ನಾವೂ ಬಿಟ್ಟಿಲ್ಲ. ಆದರೆ ನಾನಿಲ್ಲಿ ಬರೆಯುತ್ತಿರುವುದು ಅದನ್ನಲ್ಲ. ಆಮೇಲೆ ಆಕೆ ತನ್ನದೇ ಎಂದು ಹಿಡಿದ ಸ್ಟೇರಿಂಗ್ ಕೈತಪ್ಪುವುದರಲ್ಲಿತ್ತು, ಅದನ್ನು.

ಸೆಲಿನ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಾಳೆ. ಹಾರ್ನ್ ಬಾರಿಸುವುದು ಬ್ಯಾಟರಿಗೆ ದಂಡ ಎಂಬುದು ಆಕೆಯ ಲೆಕ್ಕ. ತಿರುವಿನಲ್ಲಿ ಎದುರು ಗಾಡಿ ಬಂದರೆ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಾಳೆ. ಬಾಯಲ್ಲಿ ಎಲೆಯಡಿಕೆ, ಕೂಗಿದಾಗ ಎದುರಿನ ಗಾಡಿಯ ಗಾಜಿಗೂ ಒಂದಷ್ಟು. "ಈ ತಾಲೂಕಿನಾಗ ನನ್ನಂಗ ರಿವರ್ಸ್ ತಗೊಳ್ಳೂ ಗಂಡಸು ಹುಟ್ಟಿಲ್ಲ" ಎಂದು ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುತ್ತಾಳೆ. ಹಾಗೆ ಹೇಳಿದ ಹೊತ್ತಿನಲ್ಲೇ ಒಮ್ಮೆ ರಿವರ್ಸ್ ತೆಗೆದು ಎಳನೀರಿನ ಕೈಗಾಡಿಗೆ ಗುದ್ದಿದ್ದೂ ಉಂಟು. ಕೇಳಿದರೆ, ಕೈಗಾಡಿ ನಿಂತ ಜಾಗ ತಪ್ಪು ಅನ್ನುತ್ತಾಳೆ.

ಅವರ ವಾಡಾ, ಅಂದರೆ ಕೇರಿ, ಬಾಳೆಗದ್ದಿ. ಹಳಿಯಾಳ–ದಾಂಡೇಲಿ ರಸ್ತೆ ಬಿಟ್ಟು ಕಾಡಿನೊಳಕ್ಕೆ ತಿರುಗುವ ಮಣ್ಣುದಾರಿಯ ತುದಿಯಲ್ಲಿದೆ. ಬಸ್ಸಿಲ್ಲ. ಅಲ್ಲಿಯ ಮೂರು ಸಿದ್ದಿ ಮನೆಗಳು ಕೂಡಿ ಒಂದು ಹಳೆಯ ಡೀಸೆಲ್ ಜೀಪು ಕೊಂಡವು. ಒಂದು ಮನೆ ಸೆಲಿನ್, ಗಂಡ ಫಿಲಿಪ್ ಮತ್ತು ಅತ್ತೆ ಮಾರ್ಗರೀಟಾ ಅವರದು. ಎರಡನೆಯದು ಇರ್ಫಾನ್ ಮತ್ತು ಅವನ ಹೆಂಡತಿ ಸಲ್ಮಾಳದು; ಇರ್ಫಾನನ ಅಜ್ಜಿ ಮಾರ್ಗರೀಟಾಳ ಸ್ವಂತ ಅಕ್ಕ. ಮೂರನೆಯದು ರೋಹಿದಾಸನದು. ಅವನು ಒಬ್ಬಂಟಿ. ಡಮಾಮಿ ಡೋಲು ಬಡಿಯಲು ಎಲ್ಲರಿಗೂ ಬೇಕು, ಅಡುಗೆ ಮಾಡಲು ಯಾರಿಗೂ ಬೇಡ. ಒಬ್ಬರು ಚರ್ಚಿಗೆ, ಒಬ್ಬರು ಮಸೀದಿಗೆ, ಒಬ್ಬ ಗುಡಿಗೆ ಹೋಗುವುದನ್ನು ಕಂಡು ಹೊರಗಿನವರು ಹುಬ್ಬೇರಿಸುತ್ತಾರೆ. ವಾಡಾದಲ್ಲಿ ಅದೊಂದು ಮಾತೇ ಅಲ್ಲ. ಅವರಿಗೆ ಬೇರೆ ಕೆಲಸಗಳಿವೆ.

ಜೀಪು ಹಳಿಯಾಳದ ಸಂತೆಗೆ ಹಲಸು, ಜೇನು, ಹೆಂಗಸರು ಹೊಲಿದ ಕೌದಿ ಒಯ್ಯುತ್ತಿತ್ತು. ದಾಂಡೇಲಿಯ ಆಸ್ಪತ್ರೆಗೆ ಬಸುರಿಯರನ್ನು, ಜೋಯಿಡಾದ ಕಚೇರಿಗಳಿಗೆ ನಮ್ಮಂಥ ಅರ್ಜಿಗಿರಾಕಿಗಳನ್ನು ಒಯ್ಯುತ್ತಿತ್ತು. ಸ್ಟೇರಿಂಗ್ ಸೆಲಿನಳದು. ಅದರಲ್ಲಿ ತಕರಾರಿರಲಿಲ್ಲ, ಲೈಸೆನ್ಸ್ ಇದ್ದದ್ದು ಆಕೆಗೊಬ್ಬಳಿಗೇ.

ಜೀಪು ನಿಲ್ಲುವುದು ಮಾತ್ರ ಪಾಳಿಯಲ್ಲಿ. ಇದು ಎತ್ತಿನ ಕಾಲದ ಪದ್ಧತಿ. ಮೊದಲು ಮೂರೂ ಮನೆಗೆ ಸೇರಿ ಒಂದೇ ಜೋಡಿ ಎತ್ತಿದ್ದವು. ಒಂದು ವಾರ ಒಬ್ಬರ ಅಂಗಳದಲ್ಲಿ, ಮುಂದಿನ ವಾರ ಇನ್ನೊಬ್ಬರ ಅಂಗಳದಲ್ಲಿ. ಯಾರ ಅಂಗಳದಲ್ಲಿ ನಿಂತವೋ ಆ ಮನೆಯವರು ಅವಕ್ಕೆ ಉಣಿಸಬೇಕು. ಹೊಟ್ಟೆ ಬಡಕಲಾದ ಎತ್ತನ್ನು ಮುಂದಿನ ಮನೆಗೆ ಅಟ್ಟಿದವರು ವಾಡಾದಲ್ಲಿ ಮುಖ ಎತ್ತಿ ತಿರುಗುವಂತಿಲ್ಲ. ಎತ್ತು ಮಾರಿ ಜೀಪು ಬಂದಾಗ ಪದ್ಧತಿ ಹಾಗೆಯೇ ಮುಂದುವರಿಯಿತು. ಪಾಳಿ ಬಂದ ಮನೆಯವರು ಜೀಪು ತೊಳೆಯುತ್ತಿದ್ದರು, ಗಾಜು ಒರೆಸುತ್ತಿದ್ದರು. ಡೀಸೆಲ್ ಬಾಡಿಗೆಯ ದುಡ್ಡಿನಲ್ಲೇ ಬರುತ್ತಿತ್ತು, ಹಾಗಾಗಿ ಉಣಿಸಲು ಉಳಿದದ್ದು ಬಾನೆಟ್ ಕೆಳಗಿನ ಒಂದೇ ಬಾಯಿ. ಇಂಜಿನ್ ತಣ್ಣಗಿಡುವ ನೀರು ತುಂಬುವ ರೇಡಿಯೇಟರಿನದು.

ಯಾರು ಏನು ಉಣಿಸಿದರು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಎತ್ತಿಗೆ ಏನು ಹಾಕಿದಿ ಎಂದು ಕೇಳುವುದು ಹೇಗೆ ಮರ್ಯಾದೆಯಲ್ಲವೋ ಹಾಗೆ.

ಮಳೆ ಮುಗಿದ ಮೇಲೆ ಜೀಪು ಕುದಿಯತೊಡಗಿತು. ಸಪಾಟು ರಸ್ತೆಯಲ್ಲಿ ಸುಮ್ಮನಿರುತ್ತಿತ್ತು. ಏರು ಬಂತೆಂದರೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿ ಕೆಂಪು ಗೆರೆಗೆ ಮುತ್ತಿಡುತ್ತಿತ್ತು. ಜೋಯಿಡಾ ರಸ್ತೆಯ ಏರಿನಲ್ಲಂತೂ ಪ್ರತಿ ಸಲವೂ ನಿಂತು ಬುಸುಗುಡುವುದು. ಒಂದು ಗುರುವಾರ ಸಂತೆಯ ಹೆಂಗಸರೆಲ್ಲ ಕೌದಿ ಗಂಟು ತಲೆಮೇಲೆ ಹೊತ್ತು ನಡೆದುಹೋದರು. ಹೋಗುವಾಗ ಸೆಲಿನಳಿಗೆ ಕೊಟ್ಟ ಬೈಗುಳ ಅಚ್ಚು ಹಾಕುವಂಥದ್ದಲ್ಲ.

ರೋಹಿದಾಸ ಅಂಗಳದಲ್ಲಿ ಪಂಚಾಯ್ತಿ ಕರೆದ. "ವೈನಿ, ಸಿಟ್ಟಾಗಬ್ಯಾಡ. ನೀ ಗೇರ್ ಹಾಕೂದು ಭಾಳ ಬಿರುಸು. ಹಂಗ ಜಗ್ಗಿದ್ರ ಇಂಜಿನ್ ಕಾಯದ ಏನ್ ಮಾಡ್ತೈತಿ?"

"ನೀ ಡಮಾಮಿ ಬಡಿಯೂದೂ ಬಿರುಸನ ಐತಿ," ಎಂದಳು ಸೆಲಿನ್. "ಅದೇನ್ ಕುದ್ದು ಉಕ್ಕೇತೇನ?"

"ಡಮಾಮಿಗೆ ಇಂಜಿನ್ ಇಲ್ಲ, ಭಾಬಿ," ಇರ್ಫಾನ್ ನಡುವೆ ಬಾಯಿ ಹಾಕಿದ. "ಖರೆ ಹೇಳ್ತೇನಿ, ನಿನ್ನ ಕಾಲು ಕ್ಲಚ್ ಮ್ಯಾಲ ಸದಾ ಇರ್ತೈತಿ."

"ನಿನ್ನ ಕಣ್ಣು ನನ್ನ ಕಾಲ ಮ್ಯಾಲ ಯಾಕ ಇರ್ತೈತಿ? ಸಲ್ಮಾ, ಕೇಳಾಕತ್ತೀಯೇನ ನಿನ್ನ ಗಂಡ ಅಂದದ್ದು?"

ಸಲ್ಮಾ ನಕ್ಕಳು. ಫಿಲಿಪ್ ಮಾತಾಡಲಿಲ್ಲ. ಮಾತಾಡಿದರೆ ಮನೆಯಲ್ಲಿ ಊಟವಿಲ್ಲ, ಮಾತಾಡದಿದ್ದರೆ ಅಂಗಳದಲ್ಲಿ ಮರ್ಯಾದೆಯಿಲ್ಲ. ಅವನು ಊಟದ ಕಡೆ ನಿಂತ.

ಈ ಪಂಚಾಯ್ತಿಗೆ ಒಬ್ಬ ಹೊರಗಿನವನೂ ಬಂದಿದ್ದ. ಅಂಬೇವಾಡಿಯ ಲೋಕೇಶ. ಹೊಳೆಯಲ್ಲಿ ಬೋಟಿನಲ್ಲಿ ಆಡಲು ಬರುವ ಪ್ರವಾಸಿಗರನ್ನು ಸಾಗಿಸುವ ಗಾಡಿಗಳು ಅವನವು. ಕೆಟ್ಟವನಲ್ಲ, ನಗುನಗುತ್ತಲೇ ಕೊಳ್ಳುವವನು. "ಜೀಪ ನನಗ ಕೊಟ್ಬಿಡ್ರಿ. ನಮ್ಮ ಡ್ರೈವರ್ ಹುಡುಗೂರು ನೋಡ್ಕೊಳ್ತಾರ. ಸೆಲಿನಕ್ಕಗ ಬೇಕಂದ್ರ ನಮ್ಮಲ್ಲಿ ಅಡಿಗಿ ಕೆಲಸ ಐತಿ."

ಅಡುಗೆ ಎಂಬ ಮಾತು ಕೇಳಿ ಸೆಲಿನ್ ಎಲೆಯಡಿಕೆ ಉಗುಳಿ ಎದ್ದು ನಿಂತಳು. "ಅಡಿಗಿಮನಿಂದನ ನಾ ಗಾಡಿಗೆ ಬಂದಾಕಿ. ತಿರುಗಿ ಹೋಗಂಗಿಲ್ಲ. ಹಳಿಯಾಳಕ್ಕ ಒಯ್ದು ಬಿಚ್ಚಸೂಣು. ರಿಪೇರಿ ಆದ ಮ್ಯಾಲ ಎಲ್ಲಾರೂ ಕೂಡ್ರಿ, ಲೋಕೇಶಣ್ಣಾ ನೀನೂ ಮುಂದ ಕೂಡು. ತುಂಬಿದ ಗಾಡಿ ಜೋಯಿಡಾ ಏರು ಹತ್ತಿಸ್ತೇನಿ. ಮುಳ್ಳು ಕೆಂಪು ಮುಟ್ಟಿದ್ರ ಅಲ್ಲೇ ಚಾವಿ ನಿನ್ನ ಕೈಯಾಗ."

ಎಲ್ಲರೂ ಒಪ್ಪಿದರು. ಮಾತು ಆಡಿದ ಮೇಲೆ ಸೆಲಿನಳ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಜೀಪು ಹೋದರೆ ಆಕೆಗೆ ಇನ್ನೊಂದು ಗಾಡಿ ಯಾರೂ ಕೊಡುವುದಿಲ್ಲ. ನಮ್ಮ ಕಡೆ ಗಂಡಸಿಗೆ ಲೈಸೆನ್ಸ್ ಇದ್ದರೆ ಕೆಲಸ. ಹೆಂಗಸಿಗೆ ಇದ್ದರೆ ಒಂದು ಫೋಟೋ, ಒಂದು ಶಾಲು.

ಮರುದಿನ ತಂಪು ಹೊತ್ತಿನಲ್ಲೇ ಹೊರಟು, ಅಲ್ಲಲ್ಲಿ ನಿಂತು, ಹಳಿಯಾಳ ಮುಟ್ಟಿದರು. ಮೂರೂ ಮನೆಯವರು ಬಂದಿದ್ದರು. ಒಬ್ಬರನ್ನು ಬಿಟ್ಟು ಒಬ್ಬರು ರಿಪೇರಿ ಮಾಡಿಸಿಯಾರು ಎಂಬ ಭಯ. ಮಾರ್ಗರೀಟಾ ಮುದುಕಿ ಊರುಗೋಲು, ಎಲೆಯಡಿಕೆ ಚೀಲ ಎರಡನ್ನೂ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಗ್ಯಾರೇಜಿನ ಅಜಯನಿಗೆ ಇಡೀ ಮೆರವಣಿಗೆ ನೋಡಿ ಗಾಬರಿಯಾಯಿತು.

"ರಿಪೇರಿಗೆ ಬಂದೀರೋ, ಮದುವಿ ಮಾತಿಗೆ ಬಂದೀರೋ?"

"ಹೆಣ್ಣು ಬಿಸಿ ಆಗೇತಿ, ನೋಡು" ಎಂದ ರೋಹಿದಾಸ. ಸೆಲಿನ್ ಅವನ ಬೆನ್ನಿಗೊಂದು ಗುದ್ದಿದಳು.

ಇರ್ಫಾನ್ ಬಾನೆಟ್ ಎತ್ತಿ ನೇರ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಅಜಯ ಅವನ ಕೈ ಹಿಡಿದ. "ಏ ಮಾರಾಯಾ! ಬಿಸಿ ಇದ್ದಾಗ ಮುಚ್ಚಳ ತಗದ್ರ ಮಾರಿ ಬೇಯ್ತೈತಿ. ಹೋಗಿ ಚಾ ಕುಡದು ಬರ್ರಿ. ಇಂಜಿನ್ ಮ್ಯಾಲ ಕೈ ಇಡೂವಷ್ಟು ತಣ್ಣಗಾಗಲಿ."

ಚಹಾ ಮುಗಿಯಿತು, ಭಜಿ ಮುಗಿಯಿತು, ಒಂದು ಸಣ್ಣ ಜಗಳವೂ ಮುಗಿಯಿತು. ಆಮೇಲೆ ಅಜಯ ಜೀಪಿನ ಕೆಳಗೆ ಡಬ್ಬಿ ಇಟ್ಟು ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದ. ಏನೂ ಬರಲಿಲ್ಲ. ಕಡ್ಡಿ ಹಾಕಿ ಕೆದಕಿದ. ಆಗ ಬಂತು. ನೀರಲ್ಲ. ಅಂಬಲಿಯಷ್ಟು ದಪ್ಪ, ಹಸಿರೂ ಅಲ್ಲದ ಕಂದೂ ಅಲ್ಲದ ಬಣ್ಣ, ನಡುನಡುವೆ ಗಂಟು. ಡಬ್ಬಿಗೆ ಬಿದ್ದು "ಪಚ್" ಎಂದಿತು. ಅಜಯ ಬೆರಳಿಗೆ ಹಚ್ಚಿಕೊಂಡು ಮೂಸಿದ. ಮತ್ತೆ ಮೂಸಿದ.

"ಅಕ್ಕಾರ, ಇದು ಜೀಪೋ ಹೋಟೆಲೋ? ಅರಿಷಿಣದ ವಾಸನಿ ಬರಾಕತ್ತೈತಿ."

ಎಲ್ಲರೂ ಆಕಾಶ ನೋಡಿದರು.

"ಯಾರ್ ಏನ್ ಹಾಕೀರಿ, ಹೇಳ್ರಿ. ಹೇಳಲಿಲ್ಲ ಅಂದ್ರ ನಾ ಪೈಪ್ ತಿರುಗಿ ಹಚ್ಚಿ ಕಳಸ್ತೇನಿ."

ಮೊದಲು ಇರ್ಫಾನ್ ಗಂಟಲು ಸರಿಮಾಡಿಕೊಂಡ. "ನಮ್ಮ ಪಾಳಿ ಬಂದಾಗ ಹಸರು ಕೂಲಂಟ್ ಹಾಕೇನಿ. ದಾಂಡೇಲ್ಯಾಗ ದೋಸ್ತ ಕೊಟ್ಟಿದ್ದ. ಅರ್ಧಾ ಕ್ಯಾನು."

"ನಾ ಕೇಸರಿದ ಹಾಕೇನಿ," ಎಂದ ರೋಹಿದಾಸ. "ಗೋವಾದಾಗ ಗೌಂಡಿ ಕೆಲಸಕ್ಕ ಹೋದಾಗ ತಂದದ್ದು. ಹಸರಿನಕಿಂತ ತುಟ್ಟಿ, ಹೇಳ್ತೇನಿ. ನಡುನಡುವ ಹಳ್ಳದ ನೀರು ಹಾಕೇನಿ."

"ಹಸರಿನ ಮ್ಯಾಲ ಕೇಸರಿ ಹಾಕ್ದೀಯೇನೋ?"

"ಒಳಗ ಏನೈತಿ ಅಂತ ನನಗೇನ್ ಗೊತ್ತು? ಖಾಲಿ ಇತ್ತು, ತುಂಬಿಸ್ದೆ."

ಫಿಲಿಪ್ ಮೊದಲ ಸಲ ಬಾಯಿ ಬಿಟ್ಟ. "ಮಾಯ್, ನೀನೂ ಹೇಳು."

ಮಾಯ್ ಎಂದರೆ ಅವರ ಮಾತಿನಲ್ಲಿ ತಾಯಿ. ಮಾರ್ಗರೀಟಾ ಎಲೆಗೆ ಸುಣ್ಣ ಸವರುತ್ತ ಸ್ವಲ್ಪವೂ ನಾಚದೆ ಹೇಳಿದಳು: "ನಾ ಗಂಜಿ ತಿಳಿ ಹಾಕೇನಿ. ಅನ್ನ ಬಸಿದದ್ದು. ಬಿಸಿಲಾಗ ದುಡದು ಬಂದದ್ದಕ್ಕ ಬರೇ ನೀರು ಕೊಡ್ತಾರೇನ್ರೋ? ಸ್ವಲ್ಪ ಉಪ್ಪನೂ ಹಾಕಿದ್ದೆ."

ಅಜಯ ಸ್ಪ್ಯಾನರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ರೋಹಿದಾಸ ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಉಪ್ಪು! ಉಪ್ಪಿನಕಾಯಿ ಒಂದು ಕಡಿಮಿ ಆತು, ಆಯಿ!"

"ಹಂಗಾರ ಅರಿಷಿಣ ಯಾರ್ದು?" ಅಜಯ ಕಣ್ಣೊರೆಸಿಕೊಂಡು ಕೇಳಿದ.

ಸಲ್ಮಾ ನಿಧಾನಕ್ಕೆ ಸೆಲಿನಳ ಕಡೆ ತಿರುಗಿದಳು. ಸೆಲಿನ್ ಬೇರೆ ಕಡೆ ತಿರುಗಿದಳು.

"ಸಣ್ಣ ತೂತು ಇತ್ತು," ಎಂದಳು ಕೊನೆಗೆ. "ಜೋಯಿಡಾ ಸ್ಟ್ಯಾಂಡಿನಾಗ ಒಬ್ಬ ಡ್ರೈವರ್ ಹೇಳ್ದ, ಅರಿಷಿಣ ಹಾಕಿದ್ರ ಸೋರೂದು ನಿಲ್ತೈತಿ ಅಂತ. ನಿಂತಿತ್ತು ಸುದ್ದ."

"ಸೋರೂದೂ ನಿಂತಿತ್ತು, ನೀರು ಹರಿಯೂದೂ ನಿಂತಿತ್ತು!" ಇರ್ಫಾನ್ ಚಪ್ಪಾಳೆ ತಟ್ಟಿದ. "ಕ್ಲಚ್ ಅಲ್ಲ, ಗೇರ್ ಅಲ್ಲ, ಭಾಬಿ ಅಡಿಗಿ!"

"ನಾಲ್ಕೂ ಮಂದಿ ಕೂಡಿ ಮಾಡಿದ ಅಡಿಗಿ," ಎಂದಳು ಸಲ್ಮಾ. "ಆಕೀದು ಒಗ್ಗರಣಿ ಅಷ್ಟ."

ಅಂಗಡಿಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದವನೊಬ್ಬ ಇದನ್ನೆಲ್ಲ ಕೇಳಿ ಜಾಣ ನಗೆ ನಕ್ಕ. "ಇರ್ಫಾನಂದು ಹಸರು, ರೋಹಿದಾಸಂದು ಕೇಸರಿ. ಕೂಡಂಗಿಲ್ಲ ಬಿಡ್ರಿ."

"ಹಸರು ಫುಕಟ್ ಸಿಕ್ಕಿತ್ತು ಅಂತ ಹಾಕೇನಿ, ಸಾಹೇಬ್ರ," ಎಂದ ಇರ್ಫಾನ್. "ಕೆಂಪು ಫುಕಟ್ ಸಿಕ್ಕಿದ್ರ ಕೆಂಪು ಹಾಕ್ತಿದ್ದೆ."

"ನೀ ನಿನ್ನ ಚಾ ಕುಡಿ," ಎಂದಳು ಸೆಲಿನ್ ಆ ಮನುಷ್ಯನಿಗೆ. "ಆರತೈತಿ."

ಅವನು ಕುಡಿದ.

ಅಜಯ ರೇಡಿಯೇಟರ್ ಬಿಚ್ಚಿ ಹೊರಗಿಟ್ಟ. ಮೊದಲು ಫ್ಯಾನಿನ ಸುತ್ತಲ ಹೊದಿಕೆ, ಆಮೇಲೆ ಮೇಲಿನ ಪೈಪು, ಕಡೆಗೆ ಬೋಲ್ಟುಗಳು. ಬಿಸಿಲಿಗೆ ಹಿಡಿದು ತೋರಿಸಿದ. ಸಣ್ಣ ಸಣ್ಣ ನಳಿಗೆಗಳಲ್ಲಿ ಬೆಳಕೇ ದಾಟುತ್ತಿರಲಿಲ್ಲ. ಬೇರೆ ಬೇರೆ ನಮೂನೆಯ ಕೂಲಂಟ್ ಕೂಡಿದರೆ ಒಂದಕ್ಕೊಂದು ಹೊಂದದೆ ಗಂಟು ಕಟ್ಟಬಹುದು, ಅದಕ್ಕೆ ಗಂಜಿ ಅಂಟು ಹಾಕಿದೆ, ಹಳ್ಳದ ನೀರು ಮತ್ತು ಉಪ್ಪು ತುಕ್ಕು ಹಿಡಿಸಿವೆ ಎಂದು ವಿವರಿಸಿದ. ತೊಳೆಯಬಹುದೇ ಎಂದು ಕೇಳಿದರೆ ಒಂದು ಕಡೆ ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು.

"ಹುಬ್ಬಳ್ಳಿ ಗುಜರಿಯಾಗ ಹಳೇದು ಸಿಗ್ತೈತಿ," ಎಂದ. "ಇಲ್ಲಾ ಹೊಸಾದು, ಅಲ್ಯೂಮಿನಿಯಂದು."

ರೋಹಿದಾಸ ಗುಜರಿ ಎಂದ. ಸೆಲಿನ್ ಹೊಸದು ಎಂದಳು. ಮಾತು ಏರುವ ಮೊದಲು ಸಲ್ಮಾ ಮುಗಿಸಿದಳು: "ನಮ್ಮ ಗಾಡಿ ಏನ್ ಉಂಡಿತ್ತು ಅಂತ ನಮಗ ಗೊತ್ತಾಗಲಿಲ್ಲ. ಇನ್ನೊಬ್ಬರ ಗಾಡಿ ಏನ್ ಉಂಡೈತೋ ಯಾರಿಗ್ಗೊತ್ತು? ಹೊಸಾದು ಹಾಕಸ್ರಿ."

ಹೊಸದು ಬಂತು. ಅಜಯ ಹಳೆಯದರ ಪಕ್ಕ ಮಲಗಿಸಿ ಪೈಪಿನ ಬಾಯಿ, ಬೋಲ್ಟಿನ ತೂತು, ಅಗಲ ಎಲ್ಲ ತಾಳೆ ನೋಡಿದ. ಪೈಪುಗಳು ಒಳಗೆ ಉಬ್ಬಿದ್ದವು. ಅವನ್ನೂ, ಮುಚ್ಚಳವನ್ನೂ ಹೊಸದೇ ಹಾಕಿದ. ಮುಚ್ಚಳ ಬರೀ ಮುಚ್ಚಳವಲ್ಲವಂತೆ, ಒಳಗಿನ ಒತ್ತಡ ಹಿಡಿಯುವುದೇ ಅದಂತೆ. ಅದು ಸಡಿಲಾದರೆ ನೀರು ಬೇಗ ಕುದಿಯುತ್ತದೆ.

ಕೂಲಂಟ್ ಅಂಗಡಿಯಲ್ಲಿ ಕಪಾಟಿನ ತುಂಬ ಬಣ್ಣದ ಡಬ್ಬಿಗಳು. ಇರ್ಫಾನನ ಕೈ ಹಸಿರಿಗೆ, ರೋಹಿದಾಸನ ಕೈ ಕೇಸರಿಗೆ ತಾನಾಗಿಯೇ ಹೋಯಿತು. ಇಬ್ಬರ ಕೈಗೂ ಅಜಯ ಹೊಡೆದ.

"ಬಣ್ಣ ಅನ್ನೂದು ಬರೇ ಬಣ್ಣ. ಒಂದು ಕಂಪನಿ ಹಸರು ಹಾಕ್ತೈತಿ, ಇನ್ನೊಂದು ಕಂಪನಿ ಅದನ್ನ ಗುಲಾಬಿ ಮಾಡ್ತೈತಿ. ಡಬ್ಬಿ ಮುಂದಿನ ಚಿತ್ರ ನೋಡಬ್ಯಾಡ್ರಿ, ಹಿಂದ ಬರದದ್ದು ನೋಡ್ರಿ."

ಗಾಡಿಯ ಕೈಪಿಡಿಯನ್ನು ಗೆದ್ದಲು ಯಾವಾಗಲೋ ತಿಂದು ಮುಗಿಸಿತ್ತು. ಅಜಯ ಗಾಡಿ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ ಇಂಜಿನ್ ಯಾವುದು, ರೇಡಿಯೇಟರ್ ಯಾವುದು ಎಂದು ಹೇಳಿ, ಯಾವ ದರ್ಜೆಯ ಕೂಲಂಟ್ ಬೇಕೆಂದು ಕೇಳಿದ. ಅವರು ಹೇಳಿದ ಅಕ್ಷರಗಳನ್ನು ಸೆಲಿನ್ ಅಂಗೈಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಒಂದೊಂದೇ ಡಬ್ಬಿ ತಿರುಗಿಸಿ ಅಂಗೈಗೆ ಹಿಡಿದು ನೋಡಿದಳು. ಅಂಗಡಿಯವನಿಗೆ ಬೇಸರ ಬಂತು, ಆಕೆಗೆ ಬರಲಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿದ ಡಬ್ಬಿ ಸಿಕ್ಕಿತು. ಅದೂ ಹಸಿರೇ.

"ನಾ ಹೇಳಿದ್ದಿಲ್ಲಾ?" ಇರ್ಫಾನ್ ಎದೆಯುಬ್ಬಿಸಿದ.

"ನೀ ಹಾಕಿದ್ದು ಇದಲ್ಲೋ. ಅದೂ ಹಸರು, ಇದೂ ಹಸರು, ಒಳಗ ಬ್ಯಾರೆ," ಎಂದ ಅಜಯ. "ಇದಕ್ಕ ಅರ್ಧಕ್ಕರ್ಧ ನೀರು ಕೂಡಸಬೇಕು. ಬ್ಯಾಟರಿಗೆ ಹಾಕೂ ಡಿಸ್ಟಿಲ್ಡ್ ವಾಟರು."

"ನಮ್ಮ ಹಳ್ಳದ ನೀರಿಗೆ ಏನಾಗೇತಿ?" ರೋಹಿದಾಸನಿಗೆ ಅವಮಾನವಾಯಿತು. "ಕಲ್ಲು ಕಾಣ್ತಾವ ತಳದಾಗ."

"ಮನ್ಯಾಗ ನೀರು ಕಾಸೂ ಹಂಡೆ ಒಳಗ ನೋಡೀಯೇನ? ಬಿಳೇದು ಹಕ್ಕಳಿ ಕಟ್ಟಿರತೈತಲ್ಲ. ಕುಡಿಯಾಕ ನಿನ್ನ ಹಳ್ಳದ್ದು, ಗಾಡಿಗೆ ಇದು."

ಅಜಯ ಹೊಸ ರೇಡಿಯೇಟರ್ ಕೂಡಿಸಿ ಕೂಲಂಟ್ ಸುರಿಯಲು ಹೊರಟಾಗ ಸಲ್ಮಾ ಅಡ್ಡ ನಿಂತಳು. "ತಮ್ಮಾ, ಗಡಿಗಿ ಹೊಸಾದು ಆತು. ಇಂಜಿನ್ ಹೊಟ್ಟ್ಯಾಗಿನ ಹಳೇ ಸಾರು?"

ಅಜಯ ತಲೆ ಕೆರೆದುಕೊಂಡ. ಸಂಜೆಯಾಗುತ್ತಿತ್ತು, ಮನೆಗೆ ಹೋಗುವ ಆತುರ ಅವನಿಗೆ. "ಅಷ್ಟೇನ್ ಇರಂಗಿಲ್ಲ ಅಕ್ಕಾ..."

"ತಗದು ತೋರ್ಸು," ಎಂದಳು ಸೆಲಿನ್. "ಇರಲಿಲ್ಲ ಅಂದ್ರ ಭಜಿ ನನ್ನದು."

ನೀರಿನ ಪೈಪು ಹಿಡಿದು ಇಂಜಿನ್ನಿನೊಳಗೆ ಬಿಟ್ಟರು. ಮತ್ತೆ ಅದೇ ಅಂಬಲಿ ಬಂತು, ಮೊದಲಿಗಿಂತ ಹೆಚ್ಚು. ಒಂದು ಡಬ್ಬಿ ತುಂಬಿ ಇನ್ನೊಂದು ಇಡಬೇಕಾಯಿತು. "ಎಷ್ಟ್ ಉಂಡೈತಿ ನೋಡ, ಪಾಪ," ಎಂದಳು ಮಾರ್ಗರೀಟಾ ಮಮತೆಯಿಂದ. ಬಂದದ್ದನ್ನು ಫಿಲಿಪ್ ಗಟಾರಕ್ಕೆ ಚೆಲ್ಲಲು ಹೋದ. ಅಜಯ ಕೂಗಿದ, ಕೂಲಂಟ್ ಸಿಹಿ ಇರುತ್ತದೆ, ನಾಯಿ ದನ ನೆಕ್ಕಿದರೆ ಸಾಯುತ್ತವೆ ಎಂದು. ಕ್ಯಾನಿಗೆ ತುಂಬಿ ಮುಚ್ಚಿಟ್ಟರು. ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದು, ಕೊನೆಗೊಮ್ಮೆ ಡಿಸ್ಟಿಲ್ಡ್ ನೀರು ಹಾಯಿಸಿ, ಆಮೇಲೆ ಕೂಲಂಟ್ ನಿಧಾನಕ್ಕೆ ತುಂಬಿದರು. ಇಂಜಿನ್ ಚಾಲು ಮಾಡಿ ಗುಳ್ಳೆ ಬರುವುದು ನಿಲ್ಲುವ ತನಕ ಕಾದು, ಇಳಿದಷ್ಟು ಮತ್ತೆ ಹಾಕಿ, ಮುಚ್ಚಳ ಬಿಗಿದರು. ಅಜಯನಿಗೆ ಭಜಿ ಸಲ್ಮಾಳೇ ಕೊಡಿಸಿದಳು.

ಏರಿನ ದಿನ ಜೀಪು ತುಂಬಿತ್ತು. ಮೂರೂ ಮನೆಯವರು, ಮಾರಲೆಂದು ಕಟ್ಟಿದ ಕೌದಿ ಗಂಟುಗಳು, ಜೋಯಿಡಾದಲ್ಲಿ ಅರಣ್ಯ ಹಕ್ಕಿನ ಸಭೆಗೆ ಹೊರಟಿದ್ದ ನಾನು. ಮುಂದಿನ ಸೀಟಿನಲ್ಲಿ ಲೋಕೇಶ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚಾವಿ ತೆಗೆದುಕೊಳ್ಳಲು ಬಂದ ಅಳಿಯನಂತೆ ಕೂತಿದ್ದ. ಇರ್ಫಾನನ ತೊಡೆಯ ಮೇಲೊಂದು ಖಾಲಿ ಕ್ಯಾನು.

"ಅದ್ಯಾಕೋ?" ಎಂದಳು ಸೆಲಿನ್ ಕನ್ನಡಿಯಲ್ಲಿ ನೋಡಿ.

"ಹಳ್ಳದ ನೀರು ತರಾಕ, ಭಾಬಿ. ಕುದ್ದಾಗ..."

"ಹೊರಗ ಒಗಿ."

ದಾಂಡೇಲಿ ದಾಟಿದೆವು, ಕುಳಗಿ ದಾಟಿದೆವು. ಮುಳ್ಳು ನಡುವಿಗೆ ಬಂದು ನಿಂತಿತು. ಹಿಂದೆ ಕೂತವರಿಗೆ ಕಾಣುತ್ತಿರಲಿಲ್ಲ, ಹಾಗಾಗಿ ರೋಹಿದಾಸ ಲೋಕೇಶನ ಭುಜದ ಮೇಲೆ ಗದ್ದವಿಟ್ಟು ನೋಡಿ ಹೇಳುತ್ತಿದ್ದ. "ನಡುವ ಐತಿ... ನಡುವ ಐತಿ... ಒಂದು ಕೂದಲಷ್ಟು ಮ್ಯಾಲ..."

"ನೀ ಉಸಿರು ಬಿಟ್ಟದ್ದಕ್ಕ ಕಾಯಾಕತ್ತೈತಿ," ಎಂದ ಲೋಕೇಶ. "ಮುಂಜಾನೆ ಏನ್ ತಿಂದೀಯೋ ಮಾರಾಯಾ?"

ಏರು ಶುರುವಾಗುವ ಮುನ್ನ ರಸ್ತೆಗೆ ಅಡ್ಡವಾಗಿ ಒಂದು ಹಳ್ಳ ಹರಿಯುತ್ತದೆ, ಮೊಣಕಾಲಿಗೂ ಕಡಿಮೆ ನೀರು. ಜೀಪು ಅದರಲ್ಲಿ ಇಳಿದು, ಎರಡೂ ಕಡೆ ನೀರು ಚಿಮ್ಮಿಸಿ, ಆಚೆ ಹತ್ತಿತು. ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ ಸಂದಿನಿಂದ ಬಿಳಿ ಹೊಗೆ ಎದ್ದಿತು.

"ಎದ್ದಿತು!" ಫಿಲಿಪ್ ಕಿರುಚಿದ. ವರ್ಷವಿಡೀ ಬಾಯಿ ಮುಚ್ಚಿಕೊಂಡವನು ಅವತ್ತೇ ಕಿರುಚಿದ. "ಕುದೀತು! ನಿಲ್ಸು, ನಿಲ್ಸು!"

"ಅಯ್ಯಯ್ಯೋ," ಎಂದಳು ಮಾರ್ಗರೀಟಾ. ಇರ್ಫಾನ್ ಇಲ್ಲದ ಕ್ಯಾನಿಗಾಗಿ ಕೈ ಚಾಚಿದ. ಲೋಕೇಶ ಅಂಗಿಯ ಕಾಲರು ಸರಿಮಾಡಿಕೊಂಡ. ನಾನು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ.

ಸೆಲಿನ್ ನಿಲ್ಲಿಸಲಿಲ್ಲ. ಹೊಗೆ ನೋಡಲಿಲ್ಲ, ಮುಳ್ಳು ನೋಡಿದಳು. ಎರಡನೇ ಗೇರಿಗೆ ಇಳಿಸಿದಳು, ಬಿರುಸಾಗಿಯೇ.

"ಸೆಲಿನಕ್ಕಾ, ಇಂಜಿನ್ ಸುಟ್ಟೀತು," ಎಂದ ಲೋಕೇಶ. "ಸುಟ್ಟ ಇಂಜಿನ್ ನಾ ತಗೊಳ್ಳಂಗಿಲ್ಲ."

"ಮುಳ್ಳು ಎಲ್ಲೈತಿ? ಓದಾಕ ಬರತೈತಿಲ್ಲೋ ನಿನಗ?"

"ನಡು... ನಡುವನ ಐತಿ."

"ಹಂಗಾರ ಬಾಯಿ ಮುಚ್ಚು. ಹಳ್ಳದ ನೀರು ಬಿಸಿ ಸೈಲೆನ್ಸರ್ ಪೈಪಿನ ಮ್ಯಾಲ ಬಿದ್ದೈತಿ. ಒಣಗಾಕತ್ತೈತಿ. ನಿನ್ನ ಅಂಗಿ ಇಸ್ತ್ರಿ ಮಾಡಿದ್ರೂ ಹೊಗಿ ಬರತೈತಿ."

ಮೊದಲ ತಿರುವು ಮುಗಿಯುವಷ್ಟರಲ್ಲಿ ಹೊಗೆ ಕರಗಿತು. ಎರಡನೆಯ ತಿರುವಿನಲ್ಲಿ ಮುಳ್ಳು ಕೊಂಚ ಮೇಲೆ ಹೋಯಿತು, ಎಲ್ಲರ ಉಸಿರೂ ಅದರ ಜೊತೆಗೆ ಹೋಯಿತು. ಇಂಜಿನ್ ಮುಂದಿನ ಫ್ಯಾನಿನ ಸದ್ದು ಜೋರಾಯಿತು, ಮುಳ್ಳು ಮತ್ತೆ ನಡುವಿಗೆ ಬಂತು. ಪ್ರತಿ ಸಲ ನಿಂತು ಬುಸುಗುಟ್ಟುತ್ತಿದ್ದ ಹೊನ್ನೆ ಮರದ ಬುಡ ಬಂತು, ಹಿಂದಕ್ಕೆ ಹೋಯಿತು. ಅದನ್ನು ದಾಟುವಾಗ ಸೆಲಿನ್ ಒಂದೇ ಸಮ ಹಾರ್ನ್ ಬಾರಿಸಿದಳು. ಆಕೆ ಹಾರ್ನ್ ಬಾರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಏರಿನ ಮೇಲೆ ಎಲ್ಲರೂ ಇಳಿದರು. ರೋಹಿದಾಸ ರಸ್ತೆಯಲ್ಲೇ ಕುಣಿದ. "ವೈನಿ, ನಿನ್ನ ಗೇರ್ ಬಿರುಸು ಅಂದದ್ದು ವಾಪಸ್!"

"ವಾಪಸ್ ಬ್ಯಾಡ, ಇಟ್ಕೋ. ಬಿರುಸನ ಐತಿ."

ಲೋಕೇಶ ಸೋತದ್ದಕ್ಕೆ ನಕ್ಕೇ ನಕ್ಕ. "ನನ್ನ ಗಾಡಿಗಳಿಗೆ ನಮ್ಮ ಹುಡುಗೂರು ಏನ್ ಹಾಕ್ಯಾರೋ ಯಾರಿಗ್ಗೊತ್ತು. ಅಜಯನ ನಂಬರ್ ಕೊಡು, ಅಕ್ಕಾ."

"ಕೊಡ್ತೇನಿ. ಅಡಿಗ್ಯಾಕಿ ಬೇಕಂದ್ರ ಬ್ಯಾರೆ ನೋಡ್ಕೋ."

ಅವತ್ತು ಸಂಜೆ ಜೀಪು ವಾಡಾಕ್ಕೆ ಬಂದಾಗ ಪಾಳಿ ಸೆಲಿನಳ ಮನೆಯದೇ. ಜೀಪು ನಿಂತದ್ದೇ ತಡ, ಮಾರ್ಗರೀಟಾ ಒಳಗೆ ಹೋಗಿ ಚೊಂಬು ಹಿಡಿದು ಹೊರಬಂದಳು. ಚೊಂಬಿನಲ್ಲಿ ಗಂಜಿ ತಿಳಿ.

ಸೆಲಿನ್ ಬಾನೆಟ್ ಮೇಲೆ ಹತ್ತಿ ಕೂತಳು. "ಮಾಯ್, ಇವತ್ತಿನಿಂದ ಈ ಬಾಯಿ ಬಂದ್. ಯಾರ ಪಾಳಿ ಇದ್ದರೂ ತೊಳೀರಿ, ಒರಸ್ರಿ. ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ. ಇಂಜಿನ್ ತಣ್ಣಗಿದ್ದಾಗ ಕೂಲಂಟ್ ಡಬ್ಬಿ ಗೆರಿ ನಾ ನೋಡ್ತೇನಿ. ಕಡಿಮಿ ಆದ್ರ ಅದ ಕೂಲಂಟ್, ಅದ ನೀರು, ನಾನ ಹಾಕ್ತೇನಿ."

"ಹಂಗಾರ ಅಂಗಳಕ್ಕ ಬಂದದ್ದು ಉಪವಾಸ ಮಲಗಬೇಕೇನ?" ಮುದುಕಿಗೆ ನಿಜವಾಗಿಯೂ ಸಂಕಟವಾಯಿತು. ಇರ್ಫಾನ್, ರೋಹಿದಾಸ ಇಬ್ಬರೂ ಬಂದು ನಿಂತರು. ಅವರಿಗೂ ಅದೇ ಅನುಮಾನ. ಪಾಳಿ ಬಂದ ಮನೆ ಏನೂ ಉಣಿಸದಿದ್ದರೆ ಅದೆಂಥ ಪಾಳಿ? ಮುಂದಿನ ಮನೆಗೆ ಯಾವ ಮುಖದಲ್ಲಿ ಕಳಿಸುವುದು?

ಸೆಲಿನ್ ಬಾನೆಟ್ ಮೇಲೇ ಯೋಚಿಸಿದಳು. ಬೆಳಿಗ್ಗೆ ಎಲ್ಲರನ್ನೂ ಜೋಯಿಡಾದಲ್ಲಿ ಇಳಿಸಿ, ಕೌದಿ ಗಂಟು ಇಳಿಸಿ, ಮತ್ತೆ ಎಲ್ಲರನ್ನೂ ತುಂಬಿಕೊಂಡು ಬಂದಿದ್ದಳು. ನಾವೆಲ್ಲ ಜೋಯಿಡಾದ ಖಾನಾವಳಿಯಲ್ಲಿ ಉಂಡಿದ್ದೆವು. ಗಾಡಿ ಬಿಟ್ಟು ಬರಲಾಗದೆ ಆಕೆ ಒಂದು ಬಾಳೆಹಣ್ಣು ತಿಂದಿದ್ದಳು. ನಾವ್ಯಾರೂ ಕೇಳಿರಲಿಲ್ಲ, ನಾನೂ ಸೇರಿ.

"ಜೀಪಿಗೆ ಬ್ಯಾಡ," ಎಂದಳು. "ಡ್ರೈವರ್ಗೆ ಉಣಸ್ರಿ. ಯಾರ ಅಂಗಳದಾಗ ಗಾಡಿ ನಿಂತಿರತೈತೋ ಆ ವಾರ ನನ್ನ ಊಟ ಆ ಮನ್ಯಾಗ. ಮಧ್ಯಾಹ್ನದ ಬುತ್ತಿ ಸುದ್ದ."

ಮಾರ್ಗರೀಟಾ ಚೊಂಬನ್ನು ಸೊಸೆಯ ಕೈಗೆ ಕೊಟ್ಟಳು. "ಕುಡಿ ಹಂಗಾರ. ಉಪ್ಪು ಹಾಕೇನಿ."

ಸೆಲಿನ್ ಬಾನೆಟ್ ಮೇಲೆ ಕೂತೇ ಕುಡಿದಳು.

ಈಗ ಅದೇ ಪದ್ಧತಿ. ಸಲ್ಮಾಳ ವಾರ ಕೋಳಿ ಸಾರು, ಭಕ್ರಿ. ಮಾರ್ಗರೀಟಾಳ ವಾರ ಹೊಳೆ ಮೀನು. ರೋಹಿದಾಸನ ವಾರ ಚಗಳಿ ಚಟ್ನಿ, ಅಂದರೆ ಕೆಂಪಿರುವೆಯದು, ಅದೊಂದನ್ನು ಅವನು ಚೆನ್ನಾಗಿ ಮಾಡುತ್ತಾನೆ. ಅದರ ಜೊತೆ ಕೊಡುವ ಅನ್ನ ಒಂದು ಕಡೆ ಬೆಂದಿರುತ್ತದೆ, ಒಂದು ಕಡೆ ಇಲ್ಲ. ಸೆಲಿನ್ ಬೈಯುತ್ತ ಉಣ್ಣುತ್ತಾಳೆ, ಬಿಡುವುದಿಲ್ಲ. ಸೀಟನ್ನು ಒಂದು ಗುಳಿ ಹಿಂದಕ್ಕೆ ಸರಿಸಿದ್ದಾಳೆ. ಜೀಪು ಆಮೇಲೆ ಕುದ್ದಿಲ್ಲ.

ಇಷ್ಟು ಓದಿದಿರಿ, ಸಂತೋಷ. ಈಗ ನಿಮ್ಮ ಮಾತು. ನೀವು ಹೊಳೆ ನೋಡಲು, ಕಾಡು ನೋಡಲು, ಬಾಡಿಗೆ ಗಾಡಿ ಮಾಡಿಕೊಂಡು ದಾಂಡೇಲಿಗೆ ಬರುತ್ತೀರಿ. ಮಧ್ಯಾಹ್ನ ಹೋಟೆಲಿನ ಮುಂದೆ ಇಳಿಯುತ್ತೀರಿ, ಒಳಗೆ ಹೋಗಿ ಉಂಡು ಹಲ್ಲಿಗೆ ಕಡ್ಡಿ ಹಾಕಿಕೊಂಡು ಬರುತ್ತೀರಿ. ನಿಮ್ಮನ್ನು ತಂದ ಡ್ರೈವರ್ ಹೊರಗೆ ಗಾಡಿಗೆ ಒರಗಿ ನಿಂತಿರುತ್ತಾನೆ, ಇಲ್ಲವೇ ನಿಂತಿರುತ್ತಾಳೆ. ಉಂಡೆಯಾ ಎಂದು ನೀವು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಈಗ ಕೇಳುತ್ತೇನೆ. ಮುಂದಿನ ಸಲ ಬಂದಾಗ ನಿಮ್ಮ ಮೇಜಿಗೆ ಇನ್ನೊಂದು ಕುರ್ಚಿ ಎಳೆಯಿರಿ. ಡ್ರೈವರನ್ನು ಕರೆದು ಕೂರಿಸಿ, ನೀವು ಉಣ್ಣುವುದನ್ನೇ ಬಡಿಸಿ, ಅವರು ಕೈ ತೊಳೆಯುವ ತನಕ ಏಳಬೇಡಿ.